ಅಳಿಸಿದ್ದ ನಾಲ್ಕು ಸಾಲು

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆ ನನ್ನ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಅರ್ಧ ಗಂಟೆ ಮಾತಾದ ಮೇಲೆ ಬ್ಯಾಗಿನಿಂದ ಒಂದು ಅರ್ಜಿ ತೆಗೆದರು. 11 ವರ್ಷದ ಮಗಳಿಗೆ ಖಾಸಗಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಜೊತೆಗೆ ಕೊಟ್ಟಿದ್ದ ಶುಲ್ಕ ನೆರವಿನ ಅರ್ಜಿ ಮಾತ್ರ ಮೂರು ವಾರದಿಂದ ಮನೆಯಲ್ಲೇ ಕೂತಿತ್ತು. ಕೊನೆಯ ದಿನಕ್ಕೆ ಉಳಿದಿದ್ದು 9 ದಿನ.

"ಇವರು ತುಂಬೋದೇ ಇಲ್ಲ ಮೇಡಂ. ಕೇಳಿದ್ರೆ ಎದ್ದು ಹೊರಗೆ ಹೋಗ್ತಾರೆ."

ಅರ್ಜಿ ನೋಡಿದೆ. ಹೆಸರು, ವಿಳಾಸ ಎಲ್ಲ ಪೆನ್ನಿನಲ್ಲಿ ದುಂಡಗೆ ತುಂಬಿತ್ತು. 'ವಿಶೇಷ ಪರಿಸ್ಥಿತಿ ಇದ್ದರೆ ತಿಳಿಸಿ' ಅನ್ನುವ ಜಾಗ ಖಾಲಿ. ಬೆಳಕಿಗೆ ಹಿಡಿದರೆ ಅಲ್ಲಿ ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದು ಅಳಿಸಿದ್ದು ಕಂಡಿತು. ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. 'ವ್ಯವಹಾರ ನಿಂತು' ಅನ್ನುವುದಷ್ಟೇ ಓದಲು ಸಿಕ್ಕಿತು.

ಅಂದರೆ ಆತ ತುಂಬಲು ಕೂತಿದ್ದರು. ಹೆಂಡತಿ ಹಠ ಅಂದುಕೊಂಡದ್ದು ನಾಚಿಕೆಯಾಗಿತ್ತು. ಮಾರನೇ ದಿನವೇ ಇಬ್ಬರೂ ಬನ್ನಿ ಎಂದೆ.

ಬಂದರು. ಆತ ಸುಮಾರು ಹೊತ್ತು ನೆಲ ನೋಡುತ್ತಾ ಕೂತು, ಆಮೇಲೆ ಒಂದೇ ಉಸಿರಿಗೆ ಹೇಳಿದರು: "ಹತ್ತು ಜನಕ್ಕೆ ಸಂಬಳ ಕೊಟ್ಟವನು ನಾನು. ಈಗ ಮಗಳ ಫೀಸಿಗೆ ಕೈ ಚಾಚಬೇಕಾ?"

ನಾಚಿಕೆಪಡುವವರಿಗೆ 'ನಾಚಿಕೆ ಬೇಡ' ಅಂದರೆ ಇನ್ನಷ್ಟು ಮುದುಡಿಕೊಳ್ಳುತ್ತಾರೆ. ಅದಕ್ಕೇ ನಾನು ಸುಮ್ನೆ ಲೆಕ್ಕಕ್ಕೆ ಇಳಿದೆ.

ಶಾಲೆ ಕೇಳಿದ್ದು ಹಿಂದಿನ ವರ್ಷದ ತೆರಿಗೆ ದಾಖಲೆ. ಆ ವರ್ಷ ವ್ಯವಹಾರ ಚೆನ್ನಾಗಿಯೇ ನಡೆದಿತ್ತು, ನಿಂತದ್ದು ಆಮೇಲೆ. ಅಗತ್ಯ ನೋಡಿ ನೆರವು ಕೊಡುವ ಶಾಲೆಗಳು ಸಾಮಾನ್ಯವಾಗಿ ಆದಾಯ, ಉಳಿತಾಯ, ಆಸ್ತಿ, ಸಾಲ, ಓದುವ ಮಕ್ಕಳು ಎಷ್ಟು ಅನ್ನುವುದೆಲ್ಲ ಸೇರಿಸಿ, ಈ ಮನೆಯವರು ಎಷ್ಟು ಕಟ್ಟಬಹುದು ಎಂದು ಅಂದಾಜು ಮಾಡುತ್ತವೆ. ಅದಕ್ಕೂ ಶುಲ್ಕಕ್ಕೂ ಇರುವ ಅಂತರವೇ ಇವರ ಅಗತ್ಯ. ಹಳೇ ವರ್ಷದ ಅಂಕಿ ಇಟ್ಟು ಲೆಕ್ಕ ಹಾಕಿದರೆ ಅಂತರವೇ ಬರುವುದಿಲ್ಲ. ಅದನ್ನು ತಿಳಿಸುವುದಕ್ಕೆ ಇದ್ದದ್ದು ಒಂದೇ ಜಾಗ, ಆತ ಅಳಿಸಿದ್ದು.

"ಏನಂತ ಬರೀಲಿ?"

ಕಷ್ಟದ ಕಥೆ ಬೇಡ ಎಂದೆ. ಯಾವ ತಿಂಗಳು ವ್ಯವಹಾರ ನಿಂತಿತು, ಈಗ ತಿಂಗಳಿಗೆ ಎಷ್ಟು ಬರುತ್ತಿದೆ, ಸಾಲದ ಕಂತು ಎಷ್ಟು ಹೋಗುತ್ತಿದೆ, ಇಷ್ಟು ಸಾಕು. ಈ ವರ್ಷದ ಬ್ಯಾಂಕ್ ವಿವರ, ಲೆಕ್ಕಪರಿಶೋಧಕರ ಒಂದು ಪತ್ರ ಜೊತೆಗಿಡಿ. ಕೊನೆಗೆ, ನಾವು ಕಟ್ಟಬಲ್ಲದ್ದು ಇಷ್ಟು ಎಂದು ಒಂದು ಅಂಕಿ ಬರೆಯಿರಿ.

ಅಂಕಿ ಬರೆಯುವಾಗಲೇ ಜಗಳ ಶುರುವಾಯಿತು. ಆತ ಬರೆದದ್ದನ್ನು ಆಕೆ ಹೊಡೆದುಹಾಕಿ ಅದರ ಅರ್ಧ ಬರೆದರು. "ಅಷ್ಟು ಕಟ್ಟೋಕೆ ಮತ್ತೆ ನಮ್ಮಣ್ಣನ್ನೇ ಕೇಳ್ಬೇಕು ತಾನೇ?" ಆಗ ಗೊತ್ತಾಯಿತು, ಆಕೆಯ ಅಣ್ಣ ಆರು ತಿಂಗಳಿಂದ ಮನೆಖರ್ಚಿಗೆ ದುಡ್ಡು ಕಳಿಸುತ್ತಿದ್ದಾರೆ. ಆತನಿಗೆ ಕಾಗದದ ಮೇಲೆ ಅದೊಂದು ಬರಬಾರದು.

"ಅದನ್ನೂ ಬರೀರಿ," ಎಂದೆ.

"ಬರೆದ್ರೆ ನೆರವು ಕಮ್ಮಿ ಆಗಲ್ವಾ?" ಇದು ಆಕೆಯ ಪ್ರಶ್ನೆ.

ಆಗಬಹುದು. ಆದರೆ ಬ್ಯಾಂಕ್ ವಿವರದಲ್ಲಿ ಆ ದುಡ್ಡು ಪ್ರತಿ ತಿಂಗಳೂ ಕಾಣುತ್ತದೆ. ಕೇಳಿದ ಮೇಲೆ ಹೇಳಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಅದು ಸಾಲವೋ, ಸುಮ್ಮನೆ ಕೊಟ್ಟದ್ದೋ, ಎಷ್ಟು ದಿನ ಬರುತ್ತದೆ ಎಂದೂ ಬರೆಯಿರಿ ಎಂದೆ. ಆತ ಒಪ್ಪಲಿಕ್ಕೆ ಎರಡು ದಿನ ತೆಗೆದುಕೊಂಡರು.

ಉಳಿದದ್ದು ಬೇಗ ಮುಗಿಯಿತು. ನೆರವಿಗಿಟ್ಟ ಹಣಕ್ಕೆ ಮಿತಿ ಇರುತ್ತದೆ, ತಡಮಾಡಿದವರಿಗೆ ಉಳಿದಿದ್ದರೆ ಉಂಟು. ಹಾಗಾಗಿ ಒಂದು ದಾಖಲೆ ತಡವಾದರೂ ಶಾಲೆಗೆ ಫೋನ್ ಮಾಡಿ ಕೇಳಿ, ಅರ್ಜಿ ಮಾತ್ರ ಹೊತ್ತಿಗೆ ಸರಿಯಾಗಿ ಹಾಕಿ. ನೆರವು ಬರೀ ಬೋಧನಾ ಶುಲ್ಕಕ್ಕೋ, ಸಮವಸ್ತ್ರ, ಪುಸ್ತಕ, ಬಸ್ಸಿಗೂ ಸೇರಿಯೋ? ವಾಪಸ್ ಕಟ್ಟುವುದು ಏನಾದರೂ ಇದೆಯಾ? ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾ? ಇದನ್ನೆಲ್ಲ ಮೊದಲೇ ಕೇಳಿಕೊಳ್ಳಿ.

ಇಷ್ಟರಲ್ಲಿ ಆಕೆ ಯಾವುದೋ ಮಾತಿಗೆ, "ಮಗಳಿಗೂ ಈಗ ಅಷ್ಟು ಮನಸ್ಸಿಲ್ಲ, ಹಳೇ ಶಾಲೆನೇ ಇಷ್ಟ ಅಂತಾಳೆ" ಎಂದರು. ಯಾವಾಗಿಂದ ಎಂದೆ. ನೆನಪು ಮಾಡಿಕೊಂಡರು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಫೀಸಿನ ವಿಷಯಕ್ಕೆ ಕೂಗಾಡಿದ ರಾತ್ರಿಯ ಮರುದಿನದಿಂದ. ಇಬ್ಬರೂ ಸುಮ್ಮನಾದರು.

ಮಗುವಿಗೆ ಹೇಳಿಬಿಡಿ ಎಂದೆ. ಅಪ್ಪನ ವ್ಯವಹಾರ ನಿಂತಿದೆ, ಶಾಲೆಯವರನ್ನು ನೆರವು ಕೇಳಿದ್ದೇವೆ, ಸಿಗಬಹುದು, ಸಿಗದೇ ಇರಬಹುದು, ಅದರ ಚಿಂತೆ ನಮ್ಮದು. ಹೇಳುವವರು ಅಪ್ಪನೇ ಆಗಿರಲಿ.

ಇವರು ಕೇಳಿದ್ದಕ್ಕಿಂತ ಕಮ್ಮಿ ನೆರವನ್ನೇ ಶಾಲೆ ಕೊಟ್ಟಿತು. ಕೊರತೆಗೆ ಸಾಲ ಮಾಡುವ ಯೋಚನೆ ಆತನದು. ಮೊದಲ ವರ್ಷ ಹೇಗೋ ದಾಟಬಹುದು, ಅವಳು ಶಾಲೆ ಮುಗಿಸುವವರೆಗಿನ ಅಷ್ಟೂ ವರ್ಷದ ಲೆಕ್ಕ ಹಾಕಿ ಎಂದೆ. ಹಾಕಿದ ಮೇಲೆ ಸಾಲದ ಮಾತು ಬಿಟ್ಟರು. ಅಷ್ಟರಲ್ಲಿ ಅಣ್ಣನ ದುಡ್ಡು ನಿಂತಿತ್ತು. ಅದನ್ನೇ ತಿಳಿಸಿ, ಮತ್ತೊಮ್ಮೆ ಪರಿಶೀಲಿಸಿ ಎಂದು ಬರೆದರು. ಪರಿಸ್ಥಿತಿ ನಿಜವಾಗಿ ಬದಲಾದಾಗ ಹೀಗೆ ಕೇಳುವುದು ಚೌಕಾಸಿ ಅಲ್ಲ. ಶಾಲೆ ಇನ್ನೊಂದಿಷ್ಟು ಸೇರಿಸಿತು. ಹುಡುಗಿ ಸೇರಿಕೊಂಡಳು.

ವರ್ಷದ ಮೇಲೆ ಆತನದೇ ಫೋನ್. ನವೀಕರಣದ ಅರ್ಜಿ ಬಂದಿದೆಯಂತೆ. ಸಣ್ಣದಾಗಿ ಕೆಲಸ ಮತ್ತೆ ಶುರುಮಾಡಿದ್ದಾರಂತೆ.

"ಈ ವರ್ಷ ಆದಾಯ ಸ್ವಲ್ಪ ಜಾಸ್ತಿ ಆಗಿದೆ ಮೇಡಂ. ಅದನ್ನೂ ಬರೀಲೇಬೇಕಾ?"

"ಬರೀರಿ ಸರ್," ಎಂದೆ. ಆ ಕಡೆಯಿಂದ ನಗು ಕೇಳಿಸಿತು.