ವ್ಯಾಕ್ಸಿನ್ ಆಗದ ಮರಿಯನ್ನು ದೊಡ್ಡ ನಾಯಿ ಇರುವ ಮನೆಗೆ ತಂದ್ರೆ ತೊಂದ್ರೆ ಉಂಟಾ?

ಬದಿಯಡ್ಕ ಪೇಟೆ ಹತ್ರ ಸಿಕ್ಕಿದ ಎರಡು ತಿಂಗಳಿನ ಹೆಣ್ಣು ಮರಿ, ಒಂದೂ ಇಂಜೆಕ್ಷನ್ ಆಗಿಲ್ಲ, ಮನೆಯಲ್ಲಿ 4 ವರ್ಷದ ಗಂಡು ನಾಯಿ ಉಂಟು, ಅವನಿಗೆ ವ್ಯಾಕ್ಸಿನ್ ಆಗಿದೆ, ಇಬ್ಬರನ್ನೂ ಒಟ್ಟಿಗೆ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬಹುದು, ಆದ್ರೆ ಇವತ್ತೇ ಅಲ್ಲ. ಮರಿ ವಿಷಯ ಆಮೇಲೆ, ಮೊದಲು ದೊಡ್ಡವನ ವ್ಯಾಕ್ಸಿನ್ ಪುಸ್ತಕ ಹುಡುಕಿ ತೆಗೀರಿ.

ನಾನು ಡಾಕ್ಟರಲ್ಲ. ಪೆರ್ಲ ಕಡೆಯ ತೋಟದ ಮನೆ ನಮ್ಮದು, ನಾಯಿ ಇಲ್ಲದ ಕಾಲ ಅಂತ ನಂಗೆ ನೆನಪೇ ಇಲ್ಲ, ಹಾಗಾಗಿ ಹೇಳ್ತಿದ್ದೇನೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ನಾಯಿಗೆ ಕೊಡಿಸುದು ರೇಬಿಸಿನದ್ದು ಒಂದೇ, ಪಂಚಾಯತಿನ ಕ್ಯಾಂಪ್ ಬಂದಾಗ ಇಲ್ಲಾ ಲೈಸೆನ್ಸಿಗೆ ಬೇಕು ಅಂತ. ಅದು ಬೇಕೇ ಬೇಕು, ಸಂಶಯ ಇಲ್ಲ. ಆದ್ರೆ ಬೀದಿಯಿಂದ ಬಂದ ಮರಿ ಹೊತ್ಕೊಂಡು ಬರುವ ಪಾರ್ವೋ (ವಾಂತಿ, ರಕ್ತಬೇಧಿ ಆಗುವ ವೈರಸ್ ಕಾಯಿಲೆ), ಡಿಸ್ಟೆಂಪರ್ (ಅದೂ ವೈರಸ್ಸಿನದ್ದೇ ಇನ್ನೊಂದು ಕಾಯಿಲೆ) ಇದಕ್ಕೆಲ್ಲ ರೇಬಿಸ್ ಇಂಜೆಕ್ಷನ್ ಏನೂ ಮಾಡುದಿಲ್ಲ. ಅದಕ್ಕೆ ಬೇರೆ ಕಂಬೈನ್ಡ್ ವ್ಯಾಕ್ಸಿನ್ ಉಂಟು, ಸೆವೆನ್ ಇನ್ ವನ್, ನೈನ್ ಇನ್ ವನ್ ಅಂತ ಹೇಳ್ತಾರಲ್ಲ, ಅದು. ಪುಸ್ತಕದಲ್ಲಿ ಅದರ ಸ್ಟಿಕ್ಕರ್ ಉಂಟಾ, ಕೊನೇದು ಯಾವ ವರ್ಷ ಹಾಕಿದ್ದು ನೋಡಿ. ಇದ್ರೆ ನಿಮ್ಮ ದೊಡ್ಡವನಿಗೆ ಮರಿಯಿಂದ ಬರುವ ಅಪಾಯ ಬಹಳ ಕಡಿಮೆ. ಇಲ್ಲದಿದ್ರೆ ಅವನೂ ಮರಿಯ ಲೆಕ್ಕವೇ, ಅವನನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ದೊಡ್ಡ ನಾಯಿಗೆ ಮೊದಲ ಸಲ ಹಾಕಿಸುದಾದ್ರೆ ಸಾಮಾನ್ಯವಾಗಿ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಕೊಡ್ತಾರೆ, ಅದು ಮುಗಿದು ಒಂದೆರಡು ವಾರ ಆದ ಮೇಲೆ ಇಬ್ಬರನ್ನೂ ಸೇರಿಸಿದ್ರೆ ತಲೆಬಿಸಿ ಇಲ್ಲ.

ಇನ್ನು ಮರಿ. ಅದಕ್ಕೆ ಈಗ ಏನೂ ಇಲ್ಲ, ಆಟ ಆಡ್ತಾ ಉಂಟು, ಹಾಗಾದ್ರೆ ಆರೋಗ್ಯವಾಗಿದೆ ಅಂತ ತೀರ್ಮಾನ ಮಾಡಬೇಡಿ. ಪಾರ್ವೋ ಒಳಗೆ ಹೋಗಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಹೊರಗೆ ಕಾಣುದು, ಕೆಲವು ಸಲ 14 ದಿನದ ವರೆಗೂ ಹೋಗ್ತದೆ, ಮತ್ತೆ ಮರಿ ಸುಸ್ತಾಗುವ ಮೊದಲೇ ಅದರ ಹೇಲಲ್ಲಿ ವೈರಸ್ ಬರ್ಲಿಕ್ಕೆ ಶುರುವಾಗಿರ್ತದೆ. ಅದಕ್ಕೇ ಕಡಿಮೆ ಅಂದ್ರೂ ಎರಡು ವಾರ ಬೇರೆ ಇಡಿ ಅಂತ ಹೇಳುದು. ಡಿಸ್ಟೆಂಪರ್ ಕೆಲವು ಸಲ ಇನ್ನೂ ನಿಧಾನ, ಮೂಗಲ್ಲಿ ದಪ್ಪ ಗೊಣ್ಣೆ, ಕಣ್ಣಲ್ಲಿ ಪಿಚ್ಚು, ಕೆಮ್ಮು ಕಂಡ್ರೆ ಎರಡು ವಾರ ಮುಗಿದರೂ ಒಟ್ಟಿಗೆ ಬಿಡ್ಲಿಕ್ಕೆ ಹೋಗಬೇಡಿ.

ಬೇರೆ ಇಡುದು ಅಂದ್ರೆ ಎಲ್ಲಿ ಅನ್ನುದು ಮುಖ್ಯ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹಾಸಿ ಕಟ್ಟಿದ್ರೆ ಆಯ್ತು ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ, ಅದು ಬೇಡ. ಅಲ್ಲಿ ಉಣುಗು, ಇಲಿ ಎಲ್ಲ ಇರ್ತದೆ, ಇಲಿ ಮೂತ್ರದಿಂದ ಇಲಿಜ್ವರ ನಾಯಿಗೂ ಬರ್ತದೆ, ನಮಗೂ ಬರ್ತದೆ, ಮಳೆಗಾಲದಲ್ಲಂತೂ ಹೇಳುದೇ ಬೇಡ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಲೆ ಇರ್ತದೆ, ನೆರಳು, ತೇವ ಇದ್ದಲ್ಲಿ ವರ್ಷದಷ್ಟು ಕೂಡಾ. ಸೆಗಣಿ ಸಾರಿಸಿದ ಅಂಗಳವನ್ನು ನೀವು ಯಾವ ಮದ್ದು ಹಾಕಿದ್ರೂ ಶುದ್ಧ ಮಾಡ್ಲಿಕ್ಕೆ ಆಗುದಿಲ್ಲ. ಹಾಗಾಗಿ ಸಿಮೆಂಟ್ ಇಲ್ಲಾ ಟೈಲ್ಸ್ ನೆಲ ಇರುವ ಜಾಗವೇ ಆಗಬೇಕು, ಬಚ್ಚಲಿನ ಹತ್ತಿರದ ಕೋಣೆಯೋ, ಬಾಗಿಲು ಹಾಕ್ಲಿಕ್ಕೆ ಬರುವ ಹಿಂದಿನ ಜಗಲಿಯೋ, ದೊಡ್ಡವ ಬಂದು ಮೂಸ್ಲಿಕ್ಕೆ ಆಗದ ಹಾಗೆ. ಒಂದು ವೇಳೆ ನಿಮ್ಮ ಮನೆಯಲ್ಲಿ ಈ ಒಂದು ವರ್ಷದೊಳಗೆ ಯಾವುದಾದ್ರೂ ಮರಿ ರಕ್ತಬೇಧಿ ಆಗಿ ಸತ್ತಿದ್ರೆ ಅದು ಓಡಾಡಿದ ಜಾಗಕ್ಕೆ ಈ ಮರಿಯನ್ನು ಬಿಡಲೇಬೇಡಿ.

ಫಿನಾಯಿಲ್ ಹಾಕಿ ಒರೆಸಿದ್ದೇವೆ, ಡೆಟ್ಟಾಲ್ ಹಾಕಿದ್ದೇವೆ ಅಂತ ಸಮಾಧಾನ ಮಾಡ್ಕೊಳ್ಬೇಡಿ, ಪಾರ್ವೋ ಅದಕ್ಕೆಲ್ಲ ಸಾಯುದಿಲ್ಲ. ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಬ್ಲೀಚ್ ಒಂದು ಪಾಲಿಗೆ ಸುಮಾರು 30 ಪಾಲು ನೀರು ಸೇರಿಸಿ, ಮೊದಲು ಹೇಲು, ವಾಂತಿ ಎಲ್ಲ ತೆಗೆದು ಸೋಪಿನ ನೀರಲ್ಲಿ ತೊಳೆದು, ಆಮೇಲೆ ಆ ನೀರು ಹಾಕಿ 10 ನಿಮಿಷ ನೆಲ ಒದ್ದೆಯಾಗಿಯೇ ಇರ್ಬೇಕು. ಗಲೀಜಿನ ಮೇಲೆಯೇ ಸುರಿದ್ರೆ ಬ್ಲೀಚ್ ಅಲ್ಲೇ ಖರ್ಚಾಗಿ ಹೋಗ್ತದೆ. ಮತ್ತೆ ಅದಕ್ಕೆ ಆಸಿಡ್, ಬೇರೆ ಕ್ಲೀನರ್ ಬೆರೆಸ್ಲಿಕ್ಕೆ ಹೋಗಬೇಡಿ, ವಿಷದ ಗಾಳಿ ಬರ್ತದೆ. ನೆಲ ಒಣಗಿದ ಮೇಲೆಯೇ ಮರಿಯನ್ನು ವಾಪಸ್ ಬಿಡಿ.

ತಟ್ಟೆ ವಿಷಯದಲ್ಲಿ ನಮ್ಮ ಊರಿನವರಿಗೆ ಒಂದು ಸುಲಭ ಉಂಟು, ಅಡಿಕೆ ಹಾಳೆ. ಎರಡು ವಾರ ಮರಿಗೆ ಹಾಳೆಯಲ್ಲೇ ಅನ್ನ ಹಾಕಿ, ತಿಂದು ಮುಗಿಸಿದ ಕೂಡ್ಲೇ ಬಚ್ಚಲೊಲೆಗೆ. ಮಲಗ್ಲಿಕ್ಕೆ ಹಳೇ ಪೇಪರ್, ಹಳೇ ಲುಂಗಿ, ಅದೂ ಒಲೆಗೆ. ತೊಳಿಯುವ ಕೆಲಸವೇ ಇಲ್ಲ, ದೊಡ್ಡವ ಬಂದು ನೆಕ್ಕುವ ಪ್ರಶ್ನೆಯೂ ಇಲ್ಲ. ದಿನಾ ಕೆಲಸ ಮಾಡುವಾಗ ಮೊದಲು ದೊಡ್ಡವನ ಊಟ, ಅವನನ್ನು ತಿರುಗಿಸಿ ತರುದು ಎಲ್ಲ ಮುಗಿಸಿ, ಕೊನೆಗೆ ಮರಿ ಹತ್ರ ಹೋಗಿ. ಅಲ್ಲಿಗೆ ಅಂತ ಒಂದು ಜೊತೆ ಚಪ್ಪಲಿ ಬಾಗಿಲಲ್ಲೇ ಇಡಿ, ಹೊರಗೆ ಬಂದ ಮೇಲೆ ಕೈ ಸೋಪು ಹಾಕಿ ತೊಳೀರಿ, ಮರಿ ಮಡಿಲಲ್ಲಿ ಕೂತಿದ್ರೆ ಬಟ್ಟೆ ಬದಲಿಸಿ. ಚಪ್ಪಲಿಯೇ ದೊಡ್ಡ ಕಳ್ಳ, ಮಾರಾಯ್ರೆ. ಪೇಟೆಯಲ್ಲಿ ಮೆಟ್ಟಿದ್ದನ್ನು ಸೀದಾ ಮರಿಯ ಕೋಣೆಗೆ ತರುದು ನಾವೇ, ಆಮೇಲೆ ಮನೆಯಿಂದ ಹೊರಗೇ ಹೋಗದ ಮರಿಗೆ ಹೇಗೆ ಬಂತು ಅಂತ ಆಶ್ಚರ್ಯ ಪಡುದು. ನಿಮ್ಮ ದೊಡ್ಡವ ತೋಟ ದಾಟಿ ರಸ್ತೆಗೆ ಹೋಗಿ ಊರ ನಾಯಿಗಳ ಹೇಲು ಮೂಸಿ ಬರುವ ಜಾತಿಯವನಾದ್ರೆ ಅವನ ಕಾಲಿಂದಲೂ ಬರ್ತದೆ, ಅವನಿಗೇನೂ ಆಗದಿದ್ರೂ.

ಆದ್ರೆ ಬೇರೆ ಇಡುದು ಅಂತ ಕತ್ತಲೆ ಕೋಣೆಗೆ ಹಾಕಿ ಬಿಟ್ಟುಬಿಡಬೇಡಿ. ಮೂರು ವಾರದಿಂದ ಮೂರೂವರೆ ತಿಂಗಳೊಳಗೆ ನಾಯಿಮರಿ ಏನೇನು ಹೆದರದೆ ನೋಡ್ತದೋ ಅದಕ್ಕೆ ಮುಂದೆ ಸಾಮಾನ್ಯವಾಗಿ ಹೆದರುದು ಕಡಿಮೆ. ಎತ್ಕೊಂಡು ಅಂಗಳದಲ್ಲಿ ತಿರುಗಾಡಿಸಿ, ಬೈಕ್ ಶಬ್ದ, ಮಿಕ್ಸಿ, ತೆಂಗಿನಕಾಯಿ ಬೀಳುದು ಎಲ್ಲ ಕೇಳ್ಲಿ, ನೆಲಕ್ಕೆ ಮಾತ್ರ ಬಿಡ್ಬೇಡಿ.

ಡಾಕ್ಟರ ಹತ್ರ ಹೋಗುವಾಗಲೂ ಹಾಗೆಯೇ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕ್ಕೊಂಡು ಹೋಗಿ, ಆಸ್ಪತ್ರೆಯ ನೆಲದಲ್ಲಿ ಬಿಡಬೇಡಿ, ಕಾಯಿಲೆ ಇರುವ ನಾಯಿಗಳೆಲ್ಲ ಬರುದು ಅಲ್ಲಿಗೇ ಅಲ್ವಾ, ನಿಮ್ಮ ಸರದಿ ಬರುವ ವರೆಗೆ ಆಟೋದಲ್ಲೇ ಕೂತ್ಕೊಳ್ಳಿ. ಸ್ವಲ್ಪ ಹೇಲನ್ನೂ ಡಬ್ಬಿಯಲ್ಲಿ ತಗೊಂಡು ಹೋದ್ರೆ ಹುಳ ನೋಡ್ತಾರೆ. ಬೀದಿ ಮರಿಗೆ ಹೊಟ್ಟೆಹುಳ ಇದ್ದೇ ಇರ್ತದೆ ಅಂತ ಇಟ್ಕೊಳ್ಳಿ, ಇಬ್ಬರಿಗೂ ಹುಳದ ಮದ್ದು ಆಗಲಿ, ತೂಕ ನೋಡಿ ಡಾಕ್ಟರೇ ಹೇಳ್ಲಿ. ಉಣುಗಿನ ಮದ್ದು ದೊಡ್ಡವನದ್ದನ್ನೇ ಮರಿಗೆ ಚೂರು ಹಾಕುದು ಬೇಡ, ಕೆಲವು ಸಣ್ಣ ಮರಿಗೆ ಆಗುದಿಲ್ಲ. ಕಂಬೈನ್ಡ್ ವ್ಯಾಕ್ಸಿನ್ ಆರೆಂಟು ವಾರಕ್ಕೆ ಶುರು, 2ರಿಂದ 4 ವಾರಕ್ಕೊಮ್ಮೆ, 16 ವಾರ ಆಗುವ ವರೆಗೆ. ಇಷ್ಟು ಸಲ ಯಾಕೆ, ದುಡ್ಡು ಮಾಡ್ಲಿಕ್ಕಾ ಅಂತ ಕೇಳುವವರು ಇದ್ದಾರೆ. ತಾಯಿ ಹಾಲಿಂದ ಬಂದ ರಕ್ಷಣೆ ವ್ಯಾಕ್ಸಿನ್ನನ್ನೇ ಹಿಡಿಯದ ಹಾಗೆ ಮಾಡ್ತದೆ, ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತೆ ಗೊತ್ತಾಗುದಿಲ್ಲ, ಅದಕ್ಕೆ ಮತ್ತೆ ಮತ್ತೆ ಕೊಡುದು. ರೇಬಿಸ್ 3 ತಿಂಗಳಿಗೆ. ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಕಂಬೈನ್ಡ್ ಸಿಗ್ತದಾ ಅಂತ ಫೋನ್ ಮಾಡಿ ಕೇಳಿಯೇ ಹೋಗಿ, ಇಲ್ಲದಿದ್ರೆ ಪ್ರೈವೇಟ್.

ನಾಟಿ ನಾಯಿಗೆ ಇದೆಲ್ಲ ಬೇಡ, ಅದು ಗಟ್ಟಿ ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ. ಬದುಕಿ ಉಳಿದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುದು, ಮೋರಿ ಬದಿಯಲ್ಲಿ ಸತ್ತ ಮರಿಗಳ ಲೆಕ್ಕ ಯಾರು ಇಟ್ಟಿದ್ದಾರೆ?

ಈ ಎರಡು ವಾರದಲ್ಲಿ ದನದ ಹಾಲು ಕೊಡಬೇಡಿ. ಕೆಲವಕ್ಕೆ ಹಾಲಿಂದಲೇ ಬೇಧಿ ಆಗ್ತದೆ, ಆಗ ಇದು ಹಾಲಿಂದಾ ರೋಗದ್ದಾ ಅಂತ ನಿಮಗೆ ಗೊತ್ತಾಗದೆ ಒಂದು ದಿನ ಹಾಳಾಗ್ತದೆ, ಪಾರ್ವೋದಲ್ಲಿ ಒಂದು ದಿನ ಅಂದ್ರೆ ಸಣ್ಣದಲ್ಲ. ಊಟ ಬಿಟ್ಟು ಮೂಲೆಗೆ ಹೋಗಿ ಮಲಗಿ, ವಾಂತಿ ಆಗಿ, ನಾತ ಹೊಡೆಯುವ ಬೇಧಿ ಶುರುವಾದ್ರೆ ದಾಳಿಂಬೆ ಸಿಪ್ಪೆ ಕಷಾಯ ಮಾಡ್ತಾ ಕೂರದೆ ಅದೇ ದಿನ ಡ್ರಿಪ್ ಹಾಕುವ ಕಡೆ ಹೋಗಿ.

ಎರಡು ವಾರ ಏನೂ ಇಲ್ಲದೆ ದಾಟಿತು, ದೊಡ್ಡವನ ಪುಸ್ತಕ ಸರಿ ಉಂಟು, ಹುಳದ ಮದ್ದು, ಕನಿಷ್ಠ ಮೊದಲ ಡೋಸ್ ಆಯ್ತು, ಆಗ ಸೇರಿಸಿ, ನಿಮ್ಮ ಕಾಂಪೌಂಡ್ ಒಳಗೆ ಮಾತ್ರ. ದೊಡ್ಡವನಿಗೆ ಹಗ್ಗ ಹಾಕಿ ಸಡಿಲ ಹಿಡ್ಕೊಳ್ಳಿ, ಎಳೆದು ಹಿಡಿದ್ರೆ ಅವನಿಗೆ ಸಿಟ್ಟು ಬರ್ತದೆ. ಗುರ್ ಅಂದ ಅಂತ ಹೊಡೀಬೇಡಿ, ಸಾಕು ದೂರ ಹೋಗು ಅಂತ ಮರಿಗೆ ಹೇಳುವ ರೀತಿ ಅದು, ಅದನ್ನೂ ನಿಲ್ಲಿಸಿದ್ರೆ ನಾಳೆ ಹೇಳದೆಯೇ ಕಚ್ತಾನೆ. ಮೀನಿನ ಮುಳ್ಳು, ಎಲುಬು ಇರುವಾಗ ಇಬ್ಬರೂ ಬೇರೆ ಬೇರೆ ಬಾಗಿಲ ಹಿಂದೆ. ನೀವು ತೋಟಕ್ಕೆ ಹೋಗುವಾಗ ಒಟ್ಟಿಗೆ ಬಿಟ್ಟು ಹೋಗುದು ಸದ್ಯಕ್ಕೆ ಬೇಡ.

ಮನೆಯಲ್ಲಿ ಮಕ್ಕಳಿದ್ರೆ ಇದೊಂದು ಓದಿ. ಮರಿಯ ಹಲ್ಲು ಸೂಜಿ ಹಾಗೆ ಇರ್ತದೆ, ಆಟದಲ್ಲಿ ತಾಗಿಯೇ ತಾಗ್ತದೆ. ಮರಿ ಅಂತ ಸಸಾರ ಮಾಡಬೇಡಿ, ತಾಯಿ ಯಾವುದು, ಅದಕ್ಕೆ ಯಾವ ನಾಯಿ ಕಚ್ಚಿದೆ ಗೊತ್ತಿಲ್ಲದ ಮರಿ ಇದು, ರೇಬಿಸ್ ಮರಿಗೂ ಬರ್ತದೆ. ಚರ್ಮಕ್ಕೆ ಹಲ್ಲು, ಉಗುರು ಗೀರಿದ್ರೆ, ಇಲ್ಲಾ ಇರುವ ಗಾಯವನ್ನು ನೆಕ್ಕಿದ್ರೆ ನಳ್ಳಿ ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆದು, ಅರಶಿನ, ಸುಣ್ಣ ಏನೂ ಹಚ್ಚದೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ, ರಕ್ತ ಬಂದಿದ್ರೆ ಅದನ್ನೂ ಬಾಯಿಬಿಟ್ಟು ಹೇಳಿ, ಯಾಕಂದ್ರೆ ಆಗ ವ್ಯಾಕ್ಸಿನ್ ಒಟ್ಟಿಗೆ ಗಾಯಕ್ಕೆ ಕೊಡುವ ಇಂಜೆಕ್ಷನ್ ಬೇರೆಯೇ ಉಂಟು.