ಹೆಂಚಿನ ಮಾಡಿಗೆ ಸೋಲಾರ್ ಹಾಕಿಸಬಹುದೇ?

ಪ್ರಶ್ನೆ: ನಮ್ಮದು ಮಂಗಳೂರು ಹೆಂಚಿನ ಹಳೇ ಮನೆ. ಹಿತ್ತಿಲಲ್ಲಿ ತೆಂಗಿನ ಮರಗಳಿವೆ. 3 ಕಿಲೋವಾಟ್ ಸೋಲಾರ್ ಹಾಕಿಸೋಣ ಅಂತ ಮಗನ ಹಠ. ಬೆಂಕಿ ಹತ್ತಿಕೊಂಡರೆ, ಸಿಡಿಲು ಬಡಿದರೆ ಅಂತ ಯಜಮಾನರಿಗೆ ಹೆದರಿಕೆ. ನಮ್ಮ ಮಳೆಗಾಲದಲ್ಲಿ ಅದು ಕೆಲಸ ಮಾಡುತ್ತದೆಯೇ? ಕರೆಂಟು ಹೋದಾಗ ದೀಪ ಉರಿಯುತ್ತದೆ ತಾನೇ?
– ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಉರಿಯುವುದಿಲ್ಲ. ಬ್ಯಾಟರಿ ಇಲ್ಲದೆ ಮೆಸ್ಕಾಂ ಲೈನಿಗೆ ಜೋಡಿಸಿದ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಪೆಟ್ಟಿಗೆ), ಲೈನು ಹೋದ ತಕ್ಷಣ ತಾನೂ ನಿಲ್ಲಲೇಬೇಕು. ಇಲ್ಲವಾದರೆ ಲೈನ್ ಆಫ್ ಮಾಡಿಸಿ ಕಂಬ ಹತ್ತಿದವನಿಗೆ ನಿಮ್ಮ ಮನೆಯಿಂದಲೇ ಶಾಕ್ ಹೊಡೆದೀತು. ಮಾರುವವರು ಇದನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ದೀಪವೂ ಬೇಕೆಂದರೆ ಬ್ಯಾಟರಿ ಸಮೇತ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು, ಖರ್ಚೂ ಏರುತ್ತದೆ.

ಯಜಮಾನರ ಹೆದರಿಕೆಯಲ್ಲಿ ಅರ್ಥವಿದೆ. ಆದರೆ ಅವರು ಪ್ಯಾನೆಲ್ ನೋಡಿ ಹೆದರುವ ಬದಲು ಅದರ ಹಿಂದಿನ ತಂತಿಯ ಜಾಯಿಂಟ್ ನೋಡಿ ಹೆದರಲಿ. ಮಾಡಿನಿಂದ ಇನ್ವರ್ಟರ್‌ಗೆ ಇಳಿದು ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಇನ್ನೂರು ವೋಲ್ಟಿಗೂ ಹೆಚ್ಚು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಅದರ ಕಿಡಿ ಆರಲು ಅವಕಾಶವಿದೆ. ಡಿಸಿ ಕಿಡಿ ಹಾಗಲ್ಲ, ಹಿಡಿದರೆ ಉಡದ ಪಟ್ಟು. ಎರಡು ಬೇರೆ ಕಂಪನಿಗಳ ಕನೆಕ್ಟರ್ ಸಿಕ್ಕಿಸಿದರೆ ಹೊರಗೆ ಸರಿಯಾಗಿ ಕೂತಂತೆ ಕಂಡರೂ ಒಳಗೆ ಸಡಿಲವಿದ್ದು ಬಿಸಿಯೇರುತ್ತಾ ಹೋಗುತ್ತದೆ. ಒಂದೇ ಕಂಪನಿಯ ಜೋಡಿ ಕೇಳಿ. ಹೆಂಚಿನಡಿ ಇಲಿ ಇದ್ದೇ ಇರುತ್ತದೆ, ಆದ್ದರಿಂದ ತಂತಿ ಪೈಪಿನೊಳಗೇ ಬರಲಿ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವಷ್ಟು ಹೊತ್ತು ಆ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಇದು ಮಗನಿಗೆ ಗೊತ್ತಿರಲಿ.

ಪ್ಯಾನೆಲ್ ಸಿಡಿಲನ್ನು ಕರೆಯುವುದಿಲ್ಲ. ಆದರೂ ಸಿಡಿಲನ್ನು ನೆಲಕ್ಕಿಳಿಸುವ ಮಿಂಚುಬಂಧಕಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ ಬೇಕು. ಒಂದೇ ಗುಂಡಿಗೆ ಎಲ್ಲವನ್ನೂ ಕಟ್ಟಿ ಕೈತೊಳೆದುಕೊಳ್ಳಲು ಬಿಡಬೇಡಿ.

ನನ್ನ ಚಿಂತೆ ಹೆಂಚು ಹೊತ್ತ ಮರದ ಪಕಾಸಿಯದು. 540 ವಾಟಿನ ಒಂದು ಪ್ಯಾನೆಲ್ ಸುಮಾರು 28 ಕಿಲೋ, ನಿಮಗೆ ಅಂಥವು ಆರು ಬೇಕು. ಭಾರಕ್ಕಿಂತ ದೊಡ್ಡದು ಮಳೆಗಾಲದ ಗಾಳಿ, ಅದು ಕೆಳಗಿನಿಂದ ಎತ್ತುತ್ತದೆ. ಹೆಂಚಿಗೆ ತೂತು ಕೊರೆಯುವವನನ್ನು ವಾಪಸು ಕಳಿಸಿ. ಪ್ಯಾನೆಲ್ ಹಿಡಿಯುವ ಕೊಕ್ಕೆ ಪಕಾಸಿಯ ಮರಕ್ಕೇ ಕೂರಬೇಕು, ಆ ಮರಕ್ಕೆ ಗೆದ್ದಲು ಹಿಡಿದಿರಬಾರದು. ಮೊದಲು ಬಡಗಿಯನ್ನು ಹತ್ತಿಸಿ ನೋಡಿಸಿ. ಮನೆಗೆ 300 ಚದರಡಿಯಷ್ಟು ಆರ್‌ಸಿಸಿ ಭಾಗವಿದ್ದರೆ ನಾನಂತೂ ಅಲ್ಲಿಗೇ ಹಾಕಿಸಿ ಎನ್ನುತ್ತೇನೆ.

ನಮ್ಮ ರಾಜ್ಯದಲ್ಲಿ ವರ್ಷದ ಸರಾಸರಿ ಹಿಡಿದರೆ ಕಿಲೋವಾಟಿಗೆ ದಿನಕ್ಕೆ ಸುಮಾರು 4 ಯೂನಿಟ್. ನಿಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ಅದರ ಹತ್ತಿರವೂ ಬರುವುದಿಲ್ಲ, ಬೇಸಿಗೆ ಒಂದಿಷ್ಟು ತುಂಬಿಕೊಡುತ್ತದೆ. ತೆಂಗಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗಬಹುದು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಎಲ್ಲೆಲ್ಲಿ ಓಡಾಡುತ್ತದೆ ನೋಡಿಡಿ.

2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಿಂದ ನಿಮಗೆ ಸೊನ್ನೆ ಬಿಲ್ಲು ಬರುತ್ತಿದ್ದರೆ ಉಳಿಸುವುದೇನನ್ನು? ಕಳೆದ ವರ್ಷದ ಬಿಲ್ಲುಗಳನ್ನು ಮಗನ ಮುಂದಿಟ್ಟು ಲೆಕ್ಕ ಹಾಕಿಸಿ.