ಲೆಕ್ಕದ ಪುಸ್ತಕ ಅಮ್ಮನ ಕೈಯಲ್ಲೇ ಇರಲಿ

ತೀರ್ಥಹಳ್ಳಿಯ ಓದುಗರೊಬ್ಬರು ತಮ್ಮ ತಾಯಿಯ ಬಗ್ಗೆ ಬರೆದಿದ್ದಾರೆ. ತಾಯಿಗೆ 68 ವರ್ಷ, ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷವಾಗಿದೆ, ಈಚೆಗೆ ಮರೆವು ಹೆಚ್ಚಿದೆ. ಬೆಂಗಳೂರಿನಲ್ಲಿರುವ ತಮ್ಮ, ಮಿದುಳಿಗೆ ವ್ಯಾಯಾಮ ಕೊಡುತ್ತದೆಂದು ಹೇಳಿಕೊಳ್ಳುವ ಮೊಬೈಲ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಲು ಹೊರಟಿದ್ದಾರೆ. ಇದರಿಂದ ಪ್ರಯೋಜನವಿದೆಯೇ ಎಂಬುದು ಪ್ರಶ್ನೆ. ಪತ್ರದ ಕೊನೆಯಲ್ಲಿ ಒಂದು ಸಾಲಿದೆ: ‘ಮಾತ್ರೆ, ಇನ್ಸುಲಿನ್, ಶುಗರ್ ನೋಡುವುದು ಎಲ್ಲ ನಾನೇ ಮಾಡುತ್ತೇನೆ. ಅಮ್ಮನಿಗೆ ಯಾವ ಯೋಚನೆಯೂ ಇಲ್ಲದ ಹಾಗೆ ಇಟ್ಟಿದ್ದೇವೆ.’

ಇಷ್ಟುದ್ದದ ಉತ್ತರಕ್ಕೆ ಕಾರಣ ಆ ಪ್ರಶ್ನೆಗಿಂತ ಹೆಚ್ಚಾಗಿ ಈ ಕೊನೆಯ ಸಾಲು.

ಆ್ಯಪಿನ ಪರವಾಗಿ ಆಡಬೇಕಾದ ನ್ಯಾಯದ ಮಾತನ್ನು ಮೊದಲು ಆಡಿ ಮುಗಿಸುತ್ತೇನೆ. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯನ್ನು ಸೇರಿಸಿಕೊಂಡು ನಡೆಸಿದ ‘ಆ್ಯಕ್ಟಿವ್’ ಅಧ್ಯಯನದಲ್ಲಿ ಒಂದು ಗುಂಪಿಗೆ ನೆನಪಿನ, ಒಂದಕ್ಕೆ ತರ್ಕದ, ಇನ್ನೊಂದಕ್ಕೆ ಕಣ್ಣಿಗೆ ಬಿದ್ದದ್ದನ್ನು ಥಟ್ಟನೆ ಗುರುತಿಸುವ ತರಬೇತಿ ಕೊಟ್ಟರು. ಈ ಮೂರನೆಯ ಗುಂಪಿನವರಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಡಿಮೆನ್ಷಿಯಾದ, ಅಂದರೆ ಮರೆಗುಳಿ ಕಾಯಿಲೆಯ, ಅಪಾಯ ಶೇ 29ರಷ್ಟು ಕಡಿಮೆ ಇತ್ತೆಂದು 2017ರಲ್ಲಿ ವರದಿಯಾಯಿತು. ಅದನ್ನು ತಳ್ಳಿಹಾಕಲಾಗದು. ಆದರೆ ಅದೇ ಅಧ್ಯಯನದ 2002ರ ಮೊದಲ ವರದಿ ಹೇಳಿದ್ದೇನೆಂದರೆ, ಯಾವುದರಲ್ಲಿ ಪಳಗಿಸಿದರೋ ಅದಷ್ಟೇ ಸುಧಾರಿಸಿತು. ನೆನಪಿನಲ್ಲಿ ಪಳಗಿದವರ ತರ್ಕವೇನೂ ಚುರುಕಾಗಲಿಲ್ಲ. ಈಜು ಕಲಿತವರಿಗೆ ಅದರಿಂದಲೇ ಮರ ಹತ್ತಲು ಬಂದುಬಿಡುವುದಿಲ್ಲವಷ್ಟೆ. ಇಂಥ ಆಟಗಳನ್ನು ಮಾರುತ್ತಿದ್ದ ಲುಮೋಸಿಟಿ ಕಂಪನಿ, ಮುಪ್ಪಿನ ಮರೆವನ್ನು ತಡೆಯುತ್ತೇವೆಂಬ ಧಾಟಿಯ ಜಾಹೀರಾತುಗಳಿಗಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಬ್ರಿಟನ್ನಿನ ಸಂಶೋಧಕರು ಪಥ್ಯ ಪಾಲಿಸಲು ನೆರವಾದೀತೇ ಎಂದು ಸಕ್ಕರೆ ಕಾಯಿಲೆಯವರಿಗೇ ಇಂಥ ತರಬೇತಿ ಕೊಟ್ಟು ನೋಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶವೂ ನಿರಾಸೆಯದೇ: ಪರದೆಯ ಮೇಲಿನ ಅಭ್ಯಾಸ ಊಟದ ಪಥ್ಯವನ್ನು ಒಟ್ಟಾರೆ ಸುಧಾರಿಸಲಿಲ್ಲ.

ಈಗ ಆ ಸಾಲಿಗೆ ಬರೋಣ. ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಅದರಿಂದ ಮೊದಲು ಸೊರಗುವುದು ಬರಿಯ ನೆನಪಲ್ಲ. ಎರಡು ವಿಷಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ತೂಗಿ ನೋಡುವ, ಮುಂದಿನದನ್ನು ಯೋಚಿಸಿ ಕೆಲಸ ಹೊಂದಿಸುವ ಶಕ್ತಿಯೂ ನಿಧಾನವಾಗುತ್ತದೆ. ವಿಚಿತ್ರವೆಂದರೆ ಈ ಕಾಯಿಲೆಯನ್ನು ನಿಭಾಯಿಸಲು ಬೇಕಾದದ್ದೂ ಅದೇ ಶಕ್ತಿ. ಹಾಗಿರುವಾಗ ಆ ಕೆಲಸವನ್ನೆಲ್ಲ ತಾಯಿಯ ಕೈಯಿಂದ ತೆಗೆದುಕೊಂಡು, ಅವರ ಮುಂದೆ ಬಣ್ಣದ ಚೌಕಗಳನ್ನು ಜೋಡಿಸುವ ಆಟವನ್ನು ಇಡುವುದು ಯಾವ ಜಾಣತನ?

ಸಕ್ಕರೆ ಕಾಯಿಲೆಯಿರುವ, ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಶುಗರ್ ಬರೆದಿಡುವ ನೋಟ್ ಪುಸ್ತಕವನ್ನು ನೀವು ನೋಡಬೇಕಿತ್ತು. ಅಂಗಡಿಯ ಉದ್ದನೆಯ ಲೆಕ್ಕದ ಪುಸ್ತಕ, ಸ್ಕೇಲಿಟ್ಟು ಎಳೆದ ಗೆರೆಗಳು. ಒಂದು ಗುರುವಾರದ ಸಾಲು ಹೀಗಿದೆ: ‘ಖಾಲಿ ಹೊಟ್ಟೆ 132. ಊಟದ ಜೊತೆ ಹಲಸಿನ ಹಣ್ಣು, ನಾಲ್ಕು ತೊಳೆ. ಎರಡು ಗಂಟೆ ಬಿಟ್ಟು 241.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಅದೇ ಅಕ್ಷರದಲ್ಲಿ: ‘ನಾಳೆ ಎರಡೇ ತೊಳೆ; ಅನ್ನ ಒಂದು ಸೌಟು ಕಡಿಮೆ.’ ಮರುದಿನದ ಅಂಕಿ 178. ನಿನ್ನೆಯದನ್ನು ನೆನೆದು, ಇಂದಿನದರೊಡನೆ ಹೋಲಿಸಿ, ನಾಳೆಗೊಂದು ತೀರ್ಮಾನ ಮಾಡುವ ಈ ಅಭ್ಯಾಸ ಅವರಿಗೆ ದಿನಾ ಸಿಗುತ್ತದೆ, ಚಂದಾ ಇಲ್ಲದೆ. (ಹಲಸಿನ ಹಣ್ಣನ್ನು ಪೂರ್ತಿ ಬಿಡಬಾರದಿತ್ತೇ ಎಂದು ಕೇಳಿದ್ದಕ್ಕೆ ನನಗೆ ಸರಿಯಾಗಿಯೇ ಬೈಗುಳ ಬಿತ್ತು.)

ಹಾಗೆಂದು ಎಲ್ಲವನ್ನೂ ಅಮ್ಮನ ಮೇಲೆ ಹಾಕಿ ಕೈ ತೊಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇನ್ಸುಲಿನ್ ಪೆನ್ನಿನಲ್ಲಿ ಎಷ್ಟು ಯೂನಿಟ್ ತಿರುಗಿಸಿದ್ದಾರೆಂದು ಚುಚ್ಚಿಕೊಳ್ಳುವ ಮುನ್ನ ನೀವು ನೋಡಲೇಬೇಕು. ಲೋ ಶುಗರ್ ಸಣ್ಣ ಸಂಗತಿಯಲ್ಲ: ಕ್ಯಾಲಿಫೋರ್ನಿಯಾದ 16,667 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2009ರ ಅಧ್ಯಯನದಲ್ಲಿ, ಸಕ್ಕರೆ ತೀರಾ ಇಳಿದು ಆಸ್ಪತ್ರೆ ಸೇರಿದ್ದವರಿಗೆ ಮುಂದೆ ಡಿಮೆನ್ಷಿಯಾದ ಅಪಾಯ ಹೆಚ್ಚಿದ್ದುದು ಕಂಡುಬಂತು. ಆದರೆ ನೋಡುವುದು ಬೇರೆ, ಕಸಿದುಕೊಳ್ಳುವುದು ಬೇರೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಪ್ರೀತಿಯ ಅವಸರದ ಬಗ್ಗೆ ಮಾತ್ರ ತಕರಾರಿದೆ. ತಾಯಿ ಹತ್ತು ನಿಮಿಷ ತಡವರಿಸಿ ಮಾಡುವುದನ್ನು ನೀವು ಒಂದು ನಿಮಿಷದಲ್ಲಿ ಮಾಡಿ ಮುಗಿಸುತ್ತೀರಿ. ಆ ತಡವರಿಕೆಯೇ ಅವರ ವ್ಯಾಯಾಮ.

ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತಿಂಗಳ ಕೊನೆಗೆ ಬಾಯಲ್ಲೇ ಕೂಡುತ್ತಿದ್ದವರು, ಮುಕ್ಕಾಲಿನ ಮಗ್ಗಿಯನ್ನು ತಡೆಯಿಲ್ಲದೆ ಹೇಳುತ್ತಿದ್ದವರು ನಮ್ಮ ಹಿರಿಯರು. ಸಾಮಾನು ಫೋನಿನಲ್ಲಿ ತರಿಸಿದೆವು, ಬ್ಯಾಂಕಿನ ಕೆಲಸ ಮಗ ಮಾಡಿದ, ಮಾತ್ರೆ ಡಬ್ಬಿ ಸೊಸೆ ತುಂಬಿದಳು. ಆಮೇಲೆ ‘ಅಮ್ಮನಿಗೆ ಈಗೀಗ ಏನೂ ಗೊತ್ತಾಗುವುದಿಲ್ಲ’ ಎಂದೆವು. ಆಸ್ಪತ್ರೆಗಳದ್ದೂ ಇದೇ ರೀತಿ: ರೋಗಿ ಎದುರಿಗೇ ಕೂತಿದ್ದರೂ ವೈದ್ಯರು ಮಾತಾಡುವುದು ಮಗನ ಜೊತೆ. ಮಾತ್ರೆ ಪಟ್ಟಿಗಳ ಅವಸ್ಥೆಯನ್ನಂತೂ ಕೇಳಬೇಡಿ. 2023ರ ಆಗಸ್ಟಿನಿಂದ 300 ಔಷಧ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು, ಆದರೆ ಓದಬಹುದಾದ ಗಾತ್ರದ ಕನ್ನಡ ಅಕ್ಷರಕ್ಕೆ ಅಲ್ಲಿ ಜಾಗ ಸಿಕ್ಕಿಲ್ಲ. ತಮ್ಮ ಮಾತ್ರೆಯ ಹೆಸರನ್ನೇ ಓದಲಾಗದವರಿಗೆ ನೆನಪಿನ ಶಕ್ತಿ ಸಾಲದೆಂದು ನಾವು ದೂರುತ್ತೇವೆ.

ಆ್ಯಪಿಗಿಂತ ಮೊದಲು ಆಗಬೇಕಾದ ಕೆಲಸಗಳಿವೆ. ತಾಯಿಯವರು ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಬಹುಕಾಲದ ಸೇವನೆಯಿಂದ ಅದು ಇಳಿಯಬಹುದು, ಇಳಿದರೆ ಮರೆವೂ ಬರಬಹುದು. ಕಿವಿ ಸರಿಯಾಗಿ ಕೇಳುತ್ತದೆಯೇ ನೋಡಿ. ಮರೆವು ಮುಂದುವರಿದರೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿರುವ ಅರಿವಿನ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಅವನ್ನೇ ಕೇಳಿ. ಫಿನ್ಲೆಂಡಿನಲ್ಲಿ 1,260 ಮಂದಿಯ ಮೇಲೆ ಎರಡು ವರ್ಷ ನಡೆದ ‘ಫಿಂಗರ್’ ಪ್ರಯೋಗದಲ್ಲಿ ಫಲ ಕಂಡದ್ದು ಊಟ, ವ್ಯಾಯಾಮ, ರಕ್ತದೊತ್ತಡದ ನಿಗಾ, ಮಿದುಳಿನ ತರಬೇತಿ ಎಲ್ಲವೂ ಕೂಡಿದಾಗ. ಆದ್ದರಿಂದ ಸಂಜೆಯ ನಡಿಗೆಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ನಿಮ್ಮ ತಮ್ಮನಿಗೆ ಒಂದು ಕೆಲಸ ಹೇಳಿ. ಚಂದಾಕ್ಕೆಂದು ತೆಗೆದಿಟ್ಟ ಹಣದಲ್ಲಿ ಗ್ಲುಕೋಮೀಟರಿನ ಸ್ಟ್ರಿಪ್‌ಗಳನ್ನು ಕಳಿಸಲಿ, ಜೊತೆಗೊಂದು ದಪ್ಪನೆಯ ನೋಟ್ ಪುಸ್ತಕ. ಭಾನುವಾರ ಫೋನ್ ಮಾಡಿದಾಗ ಆ ವಾರದ ಅಂಕಿಗಳನ್ನು ನಿಮ್ಮನ್ನು ಕೇಳದೆ ಅಮ್ಮನನ್ನೇ ಕೇಳಲಿ. ಯಾವ ದಿನ ಏಕೆ ಏರಿತೆಂದು ಅವರೇ ಹೇಳಲಿ. ಅವರು ಹುಡುಕಿ ಹೇಳುವಷ್ಟು ಹೊತ್ತು ನೀವು ಪಕ್ಕದಿಂದ ಉತ್ತರ ಹೇಳಿಕೊಡಬೇಡಿ.

— ಸಂಪಾದಕ